ಹುಳುವಿನ ಮನೆ, ನಮ್ಮ ಮಡಿ

ಗೌರಿ ಹಬ್ಬವಿರಲಿ, ಮುಂಜಿ ಮದುವೆಯಿರಲಿ, ವಿಲೆ ಪಾರ್ಲೆಯ ಕನ್ನಡ ಮನೆಗಳಲ್ಲಿ ಕಪಾಟಿನಿಂದ ಮೊದಲು ಹೊರಬರುವುದು ರೇಷ್ಮೆ. ಊರು ಬಿಟ್ಟು ಬಂದರೂ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯ ಸೀರೆ, ಇಳಕಲ್ಲಿನ ಸೆರಗು ನಮ್ಮ ಜೊತೆಗೇ ಬಂದಿವೆ. ಪೂಜೆಗೆ ರೇಷ್ಮೆಯೇ ಮಡಿ ಎಂಬುದು ಅನೇಕರ ನಂಬಿಕೆ. ಅದೇ ಕಟ್ಟಡದ ಜೈನ ನೆರೆಯವರಲ್ಲಿ ಹಲವರಿಗೆ ರೇಷ್ಮೆ ವರ್ಜ್ಯ. ಒಂದೇ ಬಟ್ಟೆ ಒಂದು ಬಾಗಿಲೊಳಗೆ ಪವಿತ್ರ, ಎದುರು ಬಾಗಿಲೊಳಗೆ ಹಿಂಸೆಯ ಗುರುತು. ಯಾರ ಮಾತು ಸರಿ?

ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಬಾರಿ ಪೊರೆ ಕಳಚಿ, ಹುಳು ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡು ಕಟ್ಟುತ್ತದೆ. ಆ ಗೂಡು ನೂರಾರು ಮೀಟರ್ ಉದ್ದದ ಒಂದೇ ಎಳೆ. ಒಳಗಿನ ಕೋಶ ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದ್ದರಿಂದ ಬಿಸಿಗಾಳಿಯಿಂದಲೋ ಹಬೆಯಿಂದಲೋ ಅದನ್ನು ಮೊದಲೇ ಕೊಲ್ಲುತ್ತಾರೆ. ಅಕ್ಕಮಹಾದೇವಿಯ ವಚನವೊಂದರಲ್ಲಿ ಈ ಹುಳು ತನ್ನ ಆಸೆಯಲ್ಲಿ ತಾನೇ ಸಿಲುಕಿದ ಜೀವಕ್ಕೆ ಉಪಮೆಯಾಗಿದೆ. ಮನುಷ್ಯನ ಪಾಲಿಗೆ ಆ ಉಪಮೆ ಸತ್ಯ. ಹುಳುವಿನ ಮಟ್ಟಿಗಾದರೋ ಗೂಡು ಮರುಹುಟ್ಟಿಗೆ ಕಟ್ಟಿಕೊಂಡ ಮನೆ; ಅದನ್ನು ಗೋರಿ ಮಾಡುವವರು ನಾವು.

ಈಗ ಈ ಎಳೆಗೆ ಹೊಸ ಬೆಲೆ ಬಂದಿದೆ. ಶಸ್ತ್ರವೈದ್ಯರು ರೇಷ್ಮೆ ದಾರದಿಂದ ಗಾಯ ಹೊಲಿಯುವುದು ಹಳೆಯ ಮಾತು. ಗೂಡಿನ ಎಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರೋಯಿನ್ ಎಂಬ ಪ್ರೋಟೀನು. ಉಳಿದದ್ದು ಹೆಚ್ಚಾಗಿ ಸೆರಿಸಿನ್ ಎಂಬ ಅಂಟು. ಸೋಡಾ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆದು, ಫೈಬ್ರೋಯಿನನ್ನು ಲಿಥಿಯಂ ಬ್ರೋಮೈಡಿನ ದ್ರಾವಣದಲ್ಲಿ ಕರಗಿಸಿದರೆ, ಅದಕ್ಕೆ ತೆಳು ಹಾಳೆಯ, ಸ್ಪಂಜಿನ, ಲೋಳೆಯ ರೂಪ ಕೊಡಬಹುದು. ದೇಹ ಅದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ, ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಮತ್ತು ಫಿಯೊರೆಂಜೊ ಒಮೆನೆಟ್ಟೊ ಇದರ ಮೇಲೆ ವರ್ಷಾನುಗಟ್ಟಲೆ ದುಡಿದಿದ್ದಾರೆ. ನಮ್ಮ ಬೆಂಗಳೂರಿನ ಫೈಬ್ರೊಹೀಲ್ ಸಂಸ್ಥೆ ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿಗಳನ್ನು ತಯಾರಿಸಿದೆ.

ಸೀರೆಗಾಗಿ ಕೊಂದರೆ ಪಾಪ, ಗಾಯ ಮಾಯಲೆಂದು ಕೊಂದರೆ ಪುಣ್ಯ ಎಂದು ತೀರ್ಪು ಬರೆದು ಮುಗಿಸುವುದು ಸುಲಭ. ಅಗತ್ಯ ದೊಡ್ಡದಾದಷ್ಟೂ ಸಮರ್ಥನೆ ಗಟ್ಟಿ ಎಂಬುದೇನೋ ಒಪ್ಪತಕ್ಕ ಮಾತೇ. ಆದರೆ ಆ ಅಗತ್ಯವು ಕೊಲೆಯನ್ನು ಕೇಳುತ್ತಿದೆಯೇ ಎಂದು ಮೊದಲು ವಿಚಾರಿಸಬೇಡವೆ? ನುಣುಪಾದ ಸೀರೆಗೆ ಅಖಂಡ ಎಳೆ ಬೇಕು. ಹೇಗೂ ಕರಗಿಸುವವನಿಗೆ ಗೂಡು ತೂತಾಗಿದ್ದರೇನು? ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಗಾಗಿ ಚಿಟ್ಟೆಗಳನ್ನು ಹೊರಬರಲು ಬಿಡಲೇಬೇಕು. ತೂತುಗೂಡುಗಳು ಅಲ್ಲಿ ಉಳಿದೇ ಉಳಿಯುತ್ತವೆ.

ಹಾಗೆಂದು ಕೈ ತೊಳೆದುಕೊಳ್ಳುವಂತಿಲ್ಲ. ಲೂಯಿ ಪಾಸ್ಚರ್ 1860ರ ದಶಕದಲ್ಲಿ ರೂಪಿಸಿದ ಕ್ರಮದಂತೆ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಪೆಬ್ರಿನ್ ಎಂಬ ಗಂಟು ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಪರೀಕ್ಷೆ ತಪ್ಪಿದರೆ ರೋಗ ಮುಂದಿನ ಪೀಳಿಗೆಗೂ ಇಳಿದು ಬೆಳೆಯೇ ಹಾಳು. ಸಾವಿರಾರು ವರ್ಷ ಸಾಕಿದ ಈ ಚಿಟ್ಟೆಗೆ ಹಾರಲು ಬಾರದು, ತಿನ್ನಲು ಬಾರದು. ನಾವು ಕೈಬಿಟ್ಟರೆ ಅದರ ಕುಲವೇ ಉಳಿಯದು. ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತನ ಮನೆಯ ಒಲೆ ಉರಿಯುವುದೂ ಇದರಿಂದಲೇ.

ಆದ್ದರಿಂದ ಕಳಂಕವಿಲ್ಲದ ಅಹಿಂಸೆ ಇಲ್ಲಿ ದೊರೆಯದು. ದೊರೆಯುವುದು ಹೆಚ್ಚು ಕಡಿಮೆಯ ಲೆಕ್ಕ. ಅದನ್ನು ಪ್ರಾಮಾಣಿಕವಾಗಿ ಇಡುವುದಷ್ಟೇ ನಮ್ಮ ಕೈಯಲ್ಲಿದೆ. ತೂತುಗೂಡಿನಿಂದ ಆಗುವ ಔಷಧಿಗೆ ಜೀವವಿರುವ ಗೂಡನ್ನು ಬೇಯಿಸಬೇಕಿಲ್ಲ ಎಂಬುದನ್ನು ವಿಜ್ಞಾನಿಗಳು ಗಮನಿಸಲಿ. ಒಂದು ಸೀರೆಗೆ ಸಾವಿರಾರು ಗೂಡು ಬೇಕೆಂಬುದನ್ನು ನಾವು ನೆನೆಯೋಣ. ಅಜ್ಜಿಯ ಧಾರೆ ಸೀರೆಯನ್ನು ಜೋಪಾನ ಮಾಡಿದರೆ ಮೊಮ್ಮಗಳ ಹಸೆಮಣೆಗೂ ಅದು ಆದೀತು. ಮಡಿಗೆ ಅದಕ್ಕಿಂತ ಹೊಸ ಸೀರೆ ಬೇಕೆ?