ಇಂದಿನ ಧಮ್ಮ ಚಿಂತನೆ: ಅನಿತ್ಯವೆಂದು ಕಾಯುತ್ತ ಕೂರಬೇಡಿ





ಅನಿತ್ಯ ಎಂಬ ಮಾತನ್ನು ನಾವು ಹೆಚ್ಚಾಗಿ ಸಾವಿನ ಮನೆಯಲ್ಲಿ ನೆನೆಯುತ್ತೇವೆ. ಇಂದು ಒಂದು ಅಂಗಡಿಯ ಕಥೆಯಲ್ಲಿ ಅದನ್ನು ನೋಡೋಣ.

ಹಂಗೇರಿಯಿಂದ ವಲಸೆ ಬಂದ ಯಹೂದಿ ಯುವಕ ಮಾರಿಸ್ ರಿಚ್, 1867ರಲ್ಲಿ ಸಹೋದರನಿಂದ 500 ಡಾಲರ್ ಸಾಲ ಪಡೆದು ಅಮೆರಿಕದ ಅಟ್ಲಾಂಟಾದಲ್ಲಿ ಸಣ್ಣ ಅಂಗಡಿ ತೆರೆದರು. ಮನೆಯವರೆಲ್ಲ ದುಡಿದು ಬೆಳೆಸಿದರು. 1924ರಲ್ಲಿ ನಗರದ ನಡುವೆ ಅದಕ್ಕೊಂದು ಭಾರಿ ಕಟ್ಟಡವೇ ಎದ್ದಿತು. ಮಹಾ ಆರ್ಥಿಕ ಕುಸಿತದಲ್ಲಿ ನಗರಾಡಳಿತ ಶಿಕ್ಷಕರಿಗೆ ಸಂಬಳದ ಬದಲು ಚೀಟಿ ಕೊಟ್ಟಾಗ, ಈ 'ರಿಚ್ಸ್' ಅಂಗಡಿ ಆ ಚೀಟಿಗೆ ಪೂರ್ತಿ ನಗದು ಕೊಟ್ಟಿತು. ನಮ್ಮಲ್ಲೇ ಕೊಳ್ಳಿ ಎಂಬ ಷರತ್ತನ್ನೂ ಹಾಕಲಿಲ್ಲ. ಅದು ನಿಜವಾದ ದಾನ.

ಅದೇ ಅಂಗಡಿಯಲ್ಲಿ ಕಪ್ಪು ಜನ ಬಟ್ಟೆ ಕೊಳ್ಳಬಹುದಿತ್ತು. ಆದರೆ ಒಳಗಿದ್ದ 'ಮ್ಯಾಗ್ನೋಲಿಯಾ ರೂಮ್' ಹೋಟೆಲಿನಲ್ಲಿ ಕುಳಿತು ಉಣ್ಣುವಂತಿರಲಿಲ್ಲ. ದುಡ್ಡಿಗೆ ಮೈಲಿಗೆ ಇಲ್ಲ, ಮನುಷ್ಯನಿಗೆ ಇದೆ! ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1960ರ ಅಕ್ಟೋಬರ್ 19ರಂದು ಮಾರ್ಟಿನ್ ಲೂಥರ್ ಕಿಂಗ್ ವಿದ್ಯಾರ್ಥಿಗಳ ಜೊತೆ ಅಲ್ಲಿಗೆ ಹೋಗಿ ಊಟ ಕೇಳಿದರು. ಜೈಲಿಗೆ ಹೋದರು. ಕಪ್ಪು ಗ್ರಾಹಕರು ಅಂಗಡಿಯನ್ನು ಬಹಿಷ್ಕರಿಸಿದರು. 1961ರಲ್ಲಿ ಊಟದ ಮೇಜು ಎಲ್ಲರಿಗೂ ತೆರೆಯಿತು.

ಆಮೇಲೆ ಅಂಗಡಿ ಏನಾಯಿತು? ಜನ ಹೊರವಲಯಕ್ಕೆ ಹೋದರು, ಮಾಲ್‌ಗಳು ಬಂದವು. 1976ರಲ್ಲಿ ದೊಡ್ಡ ಕಂಪನಿಯೊಂದು ರಿಚ್ಸ್ ಅನ್ನು ಕೊಂಡಿತು. 1991ರಲ್ಲಿ ನಗರದ ನಡುವಿನ ಮಳಿಗೆಗೆ ಬೀಗ ಬಿತ್ತು. 2005ರಲ್ಲಿ ಆ ಹೆಸರೂ ಅಳಿಯಿತು.

ಮನುಷ್ಯರನ್ನು ಅವಮಾನಿಸಿದ ಪಾಪಕ್ಕೆ ಅಂಗಡಿ ಮುಳುಗಿತು ಎಂದು ಹೇಳಲು ನನಗೂ ಆಸೆ. ಆದರೆ ಅದು ಸತ್ಯವಲ್ಲ. ಕಾರಣಗಳಿಂದ ಹುಟ್ಟಿದ್ದು, ಕಾರಣಗಳು ಬದಲಾದಾಗ ಅಳಿಯಿತು, ಅಷ್ಟೇ. ಮೇಜು ತೆರೆದಾಗ ಅಂಗಡಿ ಇನ್ನೂ ಮೆರೆಯುತ್ತಿತ್ತು. ಜನ ಹೋಗಿ ಕೇಳಿದ್ದರಿಂದಲೇ ಅದು ತೆರೆಯಿತು.

ಇದನ್ನು ಬರೆಯುವಾಗ ನನಗೆ ನಮ್ಮೂರ ಟೀ ಹೋಟೆಲ್ ನೆನಪಾಯಿತು. ನಮ್ಮ ಕೇರಿಯವರಿಗೆ ಬೇರೆ ಲೋಟ. ಕುಡಿದು, ತೊಳೆದು, ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಮಾಲೀಕ ತೀರಿಕೊಂಡ ಮೇಲೆ ಅದು ಮುಚ್ಚಿತು. 'ನೋಡು, ಎಲ್ಲವೂ ಅನಿತ್ಯ' ಎಂದು ನಾನು ಖುಷಿಪಟ್ಟೆ. ಆದರೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಒಳಗೆ ಹೋಗಿ ಬೆಂಚಿನ ಮೇಲೆ ಕೂತಿರಲಿಲ್ಲ. ಹೋಟೆಲ್ ಹೋಯಿತು. ಲೋಟ ಬೋರಲು ಹಾಕಿ ಬರುತ್ತಿದ್ದ ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನನ್ನ ಅನಿತ್ಯದ ಜ್ಞಾನ ಅವರಿಗೆ ಒಂದು ಲೋಟ ಟೀಯನ್ನೂ ಮರ್ಯಾದೆಯಿಂದ ಕುಡಿಸಲಿಲ್ಲ.

ಕೆರೆ ಬತ್ತಲಿ, ಜಾತಿ ತಾನೇ ಸಾಯಲಿ ಎಂದು ಬಾಬಾಸಾಹೇಬರು ಕಾಯಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು.

ಬಂಧುಗಳೇ, ಅನಿತ್ಯ ಎಂದರೆ ಕೈಕಟ್ಟಿ ಕೂರಲು ಸಮಾಧಾನವಲ್ಲ. ಯಾವುದೂ ಶಾಶ್ವತವಲ್ಲ, ಆದ್ದರಿಂದ ಯಾವುದನ್ನೂ ಬದಲಿಸಬಹುದು ಎಂಬ ಧೈರ್ಯ ಅದು.

*ಇಂದಿನ ಅಭ್ಯಾಸ:* 'ಹೇಗೂ ಬದಲಾಗುತ್ತೆ ಬಿಡಿ' ಎಂದು ನೀವು ಸುಮ್ಮನೆ ಬಿಟ್ಟಿರುವ ಒಂದು ಅನ್ಯಾಯವನ್ನು ನೆನೆಯಿರಿ. ಯಾರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳುವಿರಿ ಎಂದು ಯೋಚಿಸಿ. ಸಂಜೆ ಮನೆಯವರೊಂದಿಗೆ ಮಾತಾಡಿ.

ಸಾಧು, ಸಾಧು, ಸಾಧು 🙏