ಚೀಟಿ ಇದ್ದರೆ ಮದ್ದು, ಇಲ್ಲದಿದ್ದರೆ ಆಹಾರ

ಪುಣೆಯ ಆಸ್ಪತ್ರೆಯೊಂದರಲ್ಲಿ ಮೂಳೆ ಮುರಿದು ಮಲಗಿದವರಿಗೆ ವೈದ್ಯರು ವಿಟಮಿನ್ ಡಿ ಬರೆದರೆ, 60,000 ಯೂನಿಟ್‌ನ ಆ ಪುಟ್ಟ ಪೊಟ್ಟಣದ ಹಣ ವಿಮೆಯ ಬಿಲ್ಲಿಗೆ ಸೇರಬಹುದು. ಅದೇ ಊರಿನ ಹಿಂಜವಡಿಯ ಐಟಿ ಉದ್ಯೋಗಿ ಅದನ್ನೇ ಮೆಡಿಕಲ್ ಶಾಪಿನಲ್ಲಿ ಕೊಂಡು ಹಾಲಿಗೆ ಕಲಸಿ ಕುಡಿದರೆ ದುಡ್ಡು ಅವನದೇ. ನಮ್ಮ ಆರೋಗ್ಯ ವಿಮೆಗಳು ಹೊರಗಿಟ್ಟಿರುವ ಬಾಬ್ತುಗಳಲ್ಲಿ 14ನೆಯದು ಹೇಳುವುದಿಷ್ಟೇ: ಆಸ್ಪತ್ರೆ ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆಯದ ವಿಟಮಿನ್‌ಗೆ ಪರಿಹಾರವಿಲ್ಲ. ಅಮೆರಿಕದಲ್ಲಿ ಚಿಕಿತ್ಸೆಗೆಂದೇ ತೆರಿಗೆಯಿಲ್ಲದೆ ಕೂಡಿಡುವ ಖಾತೆಗಳುಂಟು. ಅಲ್ಲಿಯೂ ಆ ಹಣದಲ್ಲಿ ವಿಟಮಿನ್ ಕೊಳ್ಳಬೇಕಾದರೆ, ಪತ್ತೆಯಾದ ಕಾಯಿಲೆಗೆ ಇದೇ ಚಿಕಿತ್ಸೆ ಎಂದು ವೈದ್ಯರು ಹೇಳಬೇಕು.

ವೈದ್ಯರ ಚೀಟಿಯೊಂದು ಆಹಾರವನ್ನು ಔಷಧ ಮಾಡೀತೆ? ತೈತ್ತಿರೀಯ ಉಪನಿಷತ್ತು ಅನ್ನವನ್ನೇ ಸರ್ವೌಷಧ ಎಂದಿತು. ಜೈನರು ಮಾತ್ರ ಆಹಾರದಾನ, ಔಷಧದಾನಗಳನ್ನು ಬೇರೆಬೇರೆ ಎಣಿಸಿದರು.

ಈ ಗೊಂದಲವನ್ನು ಮೈಮೇಲೆ ಹಾಕಿಕೊಂಡವರು ಗಾಂಧೀಜಿ. ಪ್ರತಿಜ್ಞೆ ಮಾಡಿ ಹಾಲು ಬಿಟ್ಟಿದ್ದ ಅವರು 1918ರಲ್ಲಿ ಹಾಸಿಗೆ ಹಿಡಿದರು. ಹಾಲಿಲ್ಲದೆ ಮೈ ಕೂಡದು ಎಂದರು ವೈದ್ಯರು. ಆಡಿನ ಹಾಲಾದರೆ ಪ್ರತಿಜ್ಞೆಗೆ ಅಡ್ಡಿಯಿಲ್ಲವಲ್ಲ ಎಂದರು ಕಸ್ತೂರಬಾ. ಗಾಂಧೀಜಿ ಒಪ್ಪಿ ಕುಡಿದರು. ಪ್ರತಿಜ್ಞೆಯ ಮಾತು ಉಳಿಯಿತು, ಅದರ ಜೀವ ಹೋಯಿತು ಎಂಬ ಅರ್ಥದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡರು. ಇಂದಿನ ಕ್ಲೇಮ್ ಅರ್ಜಿ ತುಂಬುವವರಲ್ಲಿ ಇಷ್ಟು ಸಂಕೋಚ ಎಷ್ಟು ಜನಕ್ಕಿದ್ದೀತೋ!

ಆಸ್ಪತ್ರೆಗಳನ್ನು ಕಟುವಾಗಿ ಟೀಕಿಸಿದ್ದ ಗಾಂಧೀಜಿಗೆ 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲೇ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ಆಯಿತು. ನಡುವೆ ಕರೆಂಟು ಹೋಗಿ, ಶಸ್ತ್ರವೈದ್ಯ ಕರ್ನಲ್ ಮ್ಯಾಡಕ್ ಲಾಟೀನಿನ ಬೆಳಕಲ್ಲಿ ಕೆಲಸ ಮುಗಿಸಿದರು. ಬಡವರಿಗೆಂದು ಪ್ರಕೃತಿ ಚಿಕಿತ್ಸೆಯನ್ನು ಮೊದಲು ಪುಣೆ ನಗರದಲ್ಲೇ ನಡೆಸಲು ಹೊರಟ ಗಾಂಧೀಜಿ, ಅದು ತಪ್ಪು ಲೆಕ್ಕ ಎಂದುಕೊಂಡು 1946ರ ಮಾರ್ಚಿನಲ್ಲಿ ಉರುಳಿ ಕಾಂಚನ್ ಹಳ್ಳಿಗೆ ಹೋದರು. ಮಣ್ಣು, ನೀರು, ಬಿಸಿಲು, ಪಥ್ಯ, ರಾಮನಾಮ: ಯಾವುದಕ್ಕೂ ಬಿಲ್ಲಿಲ್ಲ. ಎಲ್ಲ ಕಾಯಿಲೆಗೂ ಅದು ಸಾಲದು ಎಂಬುದಕ್ಕೆ ಸಸೂನಿನ ರಾತ್ರಿಯೇ ಸಾಕ್ಷಿ. ಆದರೆ ಬಡವನ ಕೈಗೆಟುಕದ್ದನ್ನು ತಾನು ಬೋಧಿಸಬಾರದೆಂಬ ಹಟ ಅದರಲ್ಲಿತ್ತು.

ವಿಮೆಯೆಂದರೆ ಹತ್ತಾರು ಜನ ದುಡ್ಡು ಹಾಕಿದ ಹುಂಡಿ. ತೆರಿಗೆ ವಿನಾಯಿತಿಯ ಖಾತೆಯೂ ಪೂರ್ತಿ ಸ್ವಂತದ್ದಲ್ಲ, ಬಿಟ್ಟುಕೊಟ್ಟ ತೆರಿಗೆಯಲ್ಲಿ ಊರವರ ಪಾಲಿದೆ. ಅಲ್ಲಿ ಕೈಹಾಕುವಾಗ ಎದುರಾಗುವುದು ಅಸ್ತೇಯದ ಪ್ರಶ್ನೆ, ಅಂದರೆ ತನ್ನದಲ್ಲದ್ದನ್ನು ತೆಗೆದುಕೊಳ್ಳದಿರುವುದು. ಚೀಟಿ ಅದಕ್ಕೆ ಉತ್ತರ ಕೊಡಲಾರದು; ಅದು ಲೆಕ್ಕದವರ ಅನುಕೂಲಕ್ಕೆ ಹುಟ್ಟಿದ್ದು. ಹಾಗೆಂದು ಚೀಟಿಯಿಲ್ಲದ ವಿಟಮಿನ್ ಎಲ್ಲವೂ ಶೋಕಿಯೂ ಅಲ್ಲ. ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ರಕ್ತಹೀನತೆ ಇದೆಯೇ ಎಂದು ಒಬ್ಬೊಬ್ಬರನ್ನೂ ಪರೀಕ್ಷಿಸಿದ ಮೇಲಲ್ಲ, ತರಗತಿಯ ಎಲ್ಲರಿಗೂ, ಊಟವಾದ ಮೇಲೆ.