ವೈದ್ಯನ ಶಸ್ತ್ರವೂ ರೋಗಿಯ ಸಮ್ಮತಿಯೂ

ರೋಗಿಯ ಮೈಮೇಲೆ ಶಸ್ತ್ರವನ್ನಿಡುವ ಅಧಿಕಾರವನ್ನು ಲೋಕವು ವೈದ್ಯನಿಗೆ ಕೊಟ್ಟಿರುವುದು, ಆ ಗಾಯದಿಂದ ರೋಗಿಗೆ ಹಿತವಾಗುವುದೆಂಬ ನಂಬಿಕೆಯಿಂದಲೇ. ಹೀಗಿರುವಲ್ಲಿ, ಸತ್ಯವನ್ನರಿಯುವುದಕ್ಕೋಸ್ಕರ ಮಾತ್ರವೇ ವೈದ್ಯನು ಒಬ್ಬನ ಎದೆಯನ್ನು ಕೊಯ್ಯಬಹುದೆ? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಹೃದ್ರೋಗಚಿಕಿತ್ಸೆಯ ಚರಿತ್ರೆಯಲ್ಲಿ ನಿಜವಾಗಿ ಹುಟ್ಟಿದುದು.

ಹೃದಯವು ಸರ್ವಾಂಗಗಳಿಗೂ ರಕ್ತವನ್ನು ಕಳುಹಿಸುವುದಾದರೂ ತನ್ನ ಪೋಷಣೆಗೆ ಕೆಲವು ಸಣ್ಣ ಧಮನಿಗಳನ್ನೇ ನೆಚ್ಚಿಕೊಂಡಿದೆ. ಅವುಗಳ ಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದರೆ, ಮೆಟ್ಟಿಲೇರುವಾಗ ಎದೆಯನ್ನು ಹಿಂಡಿದಂತಾಗುವುದು. ಎದೆಗೂಡಿನ ಒಳಗಡೆ ಇಳಿಯುವ ಎರಡು ಧಮನಿಗಳನ್ನು ಕಟ್ಟಿದರೆ ಆ ರಕ್ತವು ಹೃದಯದ ಕಡೆಗೆ ತಿರುಗೀತೆಂದು ಕೆಲವು ಶಸ್ತ್ರವೈದ್ಯರು ಎಣಿಸಿದರು. ನೋವು ತಗ್ಗಿತೆಂದು ಹೇಳಿದ ರೋಗಿಗಳೂ ಬಹುಮಂದಿ. 1959ರಲ್ಲಿ ಅಮೆರಿಕದ ಸಿಯಾಟಲ್ ನಗರದ ಲಿಯೊನಾರ್ಡ್ ಕಾಬ್ ಮತ್ತು ಅವರ ಸಂಗಡಿಗರು ಇದರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 17 ಮಂದಿಯ ಎದೆಯನ್ನೂ ಕೊಯ್ದು, 8 ಮಂದಿಗೆ ಧಮನಿಗಳನ್ನು ಕಟ್ಟಿ, 9 ಮಂದಿಗೆ ಕಟ್ಟದೆಯೇ ಗಾಯವನ್ನು ಹೊಲಿದಿದ್ದರು. ಎರಡು ಪಂಗಡದವರಿಗೂ ಸರಿಸುಮಾರು ಒಂದೇ ಬಗೆಯ ಉಪಶಮನವು ಕಂಡಿತು. ಆ ಚಿಕಿತ್ಸೆಯು ಬಳಕೆಯಿಂದ ಬಿದ್ದುಹೋಯಿತು.

ಕೆಲವರ ಕಿರುಗಾಯವು ಅಸಂಖ್ಯಾತರನ್ನು ವ್ಯರ್ಥವಾದ ಗಾಯದಿಂದ ಉಳಿಸಿತೆಂಬುದು ನಿಜವೇ. ಪರೀಕ್ಷಿಸದ ಚಿಕಿತ್ಸೆಯನ್ನು ಎಲ್ಲರಿಗೂ ಮಾಡುತ್ತ ಹೋಗುವುದೂ ಒಂದು ಪ್ರಯೋಗವೇ. ಪ್ರಯೋಗವೆಂದು ಒಪ್ಪಿಕೊಳ್ಳದ ಪ್ರಯೋಗ, ಅಷ್ಟೆ. ಆದರೆ ಸಿಯಾಟಲಿನ ರೋಗಿಗಳಿಗೆ, ಚಿಕಿತ್ಸೆಯ ಗುಣಪರೀಕ್ಷೆ ನಡೆಯುತ್ತಿದೆಯೆಂದು ಮಾತ್ರ ಹೇಳಿದ್ದರು. ಕೆಲವರಿಗೆ ಧಮನಿಯನ್ನು ಕಟ್ಟುವುದಿಲ್ಲವೆಂಬುದನ್ನು ತಿಳಿಸಿರಲಿಲ್ಲ. ದೋಷವಿರುವುದು ಇಲ್ಲಿ. ಧರ್ಮಛತ್ರವನ್ನು ಕಟ್ಟಿಸುವುದಕ್ಕೆಂದು ನೆರೆಯವನ ಪೆಟ್ಟಿಗೆಯಿಂದ ಅವನಿಗರಿಯದಂತೆ ಹಣ ತೆಗೆದರೆ ಛತ್ರವೇನೋ ಏಳುವುದು. ಆ ಹಣ ದಾನವೆನಿಸದು.

ನಿಜವನ್ನು ಹೇಳಿದರೆ ಪರೀಕ್ಷೆಯೇ ಕೆಡುವುದಲ್ಲವೆ ಎಂದು ಕೇಳಬಹುದು. ಅದಕ್ಕೆ ಉತ್ತರವು 2017ರಲ್ಲಿ ಲಂಡನ್ನಿನಿಂದ ಬಂದಿತು. ಧಮನಿಯನ್ನು ಹಿಗ್ಗಿಸಿ ಲೋಹದ ಸ್ಟೆಂಟನ್ನು ಇರಿಸುವ ಚಿಕಿತ್ಸೆಯ ಪರೀಕ್ಷೆಗೆ 200 ಮಂದಿ ರೋಗಿಗಳು, ಕೆಲವರಿಗೆ ಅದರ ಅಭಿನಯ ಮಾತ್ರ ನಡೆಯುವುದೆಂದು ತಿಳಿದೇ ಒಪ್ಪಿದರು; ಅದು ಯಾರಿಗೆಂಬುದೊಂದೇ ಗುಟ್ಟಾಗಿತ್ತು. 6 ವಾರಗಳ ಬಳಿಕ ನೋಡಲಾಗಿ, ಎರಡು ಪಂಗಡಗಳ ನಡಿಗೆಯ ಶಕ್ತಿಯಲ್ಲಿ ಗಣನೀಯವಾದ ಭೇದವಿರಲಿಲ್ಲ. 2023ರಲ್ಲಿ ಅದೇ ರೀತಿಯ ಎರಡನೆಯ ಪರೀಕ್ಷೆಯು, ಎದೆನೋವಿನ ಔಷಧಗಳನ್ನು ಬಿಟ್ಟವರಲ್ಲಿ ಸ್ಟೆಂಟು ನೋವನ್ನು ನಿಜವಾಗಿ ತಗ್ಗಿಸುವುದೆಂದು ತೋರಿಸಿತು. ಅನುಮತಿಯನ್ನು ಪಡೆದ ಸತ್ಯಶೋಧನೆಯು ಚಿಕಿತ್ಸೆಯನ್ನು ಕೆಡಹುವುದಕ್ಕಷ್ಟೇ ಅಲ್ಲ, ನಿಲ್ಲಿಸುವುದಕ್ಕೂ ಸಮರ್ಥವಾದುದು.

ಆದರೂ ಸಮ್ಮತಿಯೊಂದೇ ಸಾಲದು. 1967ರಲ್ಲಿ ಕ್ಲೀವ್‌ಲೆಂಡಿನಲ್ಲಿ ರೆನೆ ಫವಲೋರೊ ಎಂಬವರು ಕಾಲಿನ ಸಿರೆಯಿಂದ ಹೃದಯಕ್ಕೆ ಹೊಸದಾರಿಯನ್ನು ಜೋಡಿಸಿ ಬೈಪಾಸ್ ಚಿಕಿತ್ಸೆಯನ್ನು ನೆಲೆಗೊಳಿಸಿದ ಮೇಲೆ, ಅದನ್ನು ಔಷಧೋಪಚಾರದೊಡನೆ ಹೋಲಿಸಿ ಪರೀಕ್ಷಿಸಿದರು; ಎದೆಯ ಎಲುಬನ್ನು ಸೀಳಿ ಸುಮ್ಮನೆ ಹೊಲಿಯುವುದರ ಅಪಾಯವು ಯಾರ ಒಪ್ಪಿಗೆಯಿಂದಲೂ ನ್ಯಾಯವಾಗಲಾರದು. ಗಾಯವು ಅಲ್ಪವಾಗಿರಬೇಕು, ಕೊಡುವವನು ಅರಿತು ಕೊಟ್ಟಿರಬೇಕು. ಇವೆರಡೂ ಇದ್ದಲ್ಲಿ ಆ ರೋಗಿಯು ವೈದ್ಯನ ಸಾಧನವಾಗಿರದೆ, ಕಾಣದ ರೋಗಿಗಳಿಗೆ ಉಪಕಾರಿಯಾಗುವನು.